ಮನೆಯಲ್ಲಿ ಹಾಸಿಗೆ ಹಿಡಿದವರಿರುವಾಗ ನಮಗಾಗಿ ಅರ್ಧ ಗಂಟೆ ತೆಗೆದುಕೊಳ್ಳುವುದು ತಪ್ಪೇ?

ತೋಟದಮನೆ (ಆಲ್ದೂರು)

ನಮಸ್ಕಾರ. ನಮ್ಮ ತಂದೆಯವರಿಗೆ ಲಕ್ವ ಹೊಡೆದು ಏಳು ತಿಂಗಳಾಯಿತು. ಬಲಭಾಗಕ್ಕೆ ಸ್ವಾಧೀನವಿಲ್ಲ, ಮಾತು ಸ್ಪಷ್ಟವಾಗಿ ಬರುವುದಿಲ್ಲ. ನಾನು ಚಿಕ್ಕಮಗಳೂರಿಗೆ ಕೆಲಸಕ್ಕೆ ಹೋಗಿಬರುವವನಾದ್ದರಿಂದ ಹಗಲು ಅಮ್ಮ, ರಾತ್ರಿ ನಾನು ಎಂದು ಹಂಚಿಕೊಂಡಿದ್ದೇವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾಗಿರುವುದರಿಂದ ನಿದ್ದೆಯೆಲ್ಲ ತುಂಡು ತುಂಡಾಗಿದೆ. ದಿನಕ್ಕೆ ಐದಾರು ಲೋಟ ಕಾಫಿಯ ಬಲದಲ್ಲಿ ಕೆಲಸ ಸಾಗಿಸುತ್ತಿದ್ದೇನೆ.

ಕಳೆದ ವಾರ ಔಷಧಿ ತರಲು ಹೋದವನು ರತ್ನಗಿರಿ ಬೋರೆಯ ಗುಡ್ಡದ ಉದ್ಯಾನದಲ್ಲಿ ಕಾಲು ಗಂಟೆ ಸುಮ್ಮನೆ ಕುಳಿತೆ. ಎದುರಿನ ಗಿರಿಸಾಲಿನ ಮೇಲೆ ಮೋಡ ಇಳಿಯುತ್ತಿತ್ತು. ಎಷ್ಟೋ ದಿನಗಳ ಮೇಲೆ ಉಸಿರು ಪೂರ್ತಿಯಾಗಿ ಒಳಗೆ ಹೋಯಿತು ಎನ್ನಿಸಿತು. ಆದರೆ ಮನೆಗೆ ಬಂದಾಗ ಅಮ್ಮ ಒಬ್ಬರೇ ಒದ್ದಾಡಿಕೊಂಡು ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದರು. ಆ ಕಾಲು ಗಂಟೆಯನ್ನು ನಾನು ಅವರಿಂದ ಕದ್ದೆನೆಂದು ಅನ್ನಿಸಿ ಅಂದು ಊಟವೂ ಸೇರಲಿಲ್ಲ. ಇಂಥ ದಿನಗಳನ್ನು ದಾಟಿದವರು ನಿಮ್ಮನ್ನು ನೀವು ಹೇಗೆ ನೋಡಿಕೊಂಡಿರಿ? ದಯವಿಟ್ಟು ತಿಳಿಸಿ.

ಹೇಮಾವತಿ ದಂಡೆ (ಸಕಲೇಶಪುರ)

ಸಹೋದರರೇ, ನಾನು ಅತ್ತೆಯವರನ್ನು ಮೂರು ವರ್ಷ ನೋಡಿಕೊಂಡವಳು. ನಮ್ಮ ಕಡೆ ಬಾಣಂತಿಗೆ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಬೆಚ್ಚಗೆ ಹೊದಿಸಿ ಮಲಗಿಸುತ್ತಾರೆ. ಅದನ್ನು ಯಾರೂ ಸುಖಲೋಲುಪತೆ ಎನ್ನುವುದಿಲ್ಲ. ಮಗುವನ್ನು ಸಾಕಬೇಕಾದ ಮೈ ಮೊದಲು ಗಟ್ಟಿಯಾಗಬೇಕೆಂಬುದು ಎಲ್ಲರಿಗೂ ಗೊತ್ತು. ಹಿರಿಯರನ್ನು ಎತ್ತಿ, ಇಳಿಸಿ, ತೊಳೆದು, ಉಣಿಸುವ ಮೈಗೆ ಮಾತ್ರ ಆ ನ್ಯಾಯ ಏಕಿಲ್ಲ ಎಂದು ನಾನು ಒಂದು ದಿನ ನಮ್ಮ ಯಜಮಾನರನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಮರುದಿನ ಸಂಜೆ ಅವರೇ ಮರಗಸಿಯ (ತೋಟದ ನೆರಳುಮರಗಳ ಕೊಂಬೆ ಸವರಿದ) ಸೌದೆ ತಂದು ಹಂಡೆಯ ಒಲೆಗೆ ಬೆಂಕಿ ಹಾಕಿದರು.

ಅಂದಿನಿಂದ ಸಂಜೆ ಏಳರಿಂದ ಏಳೂವರೆಯವರೆಗಿನ ಸಮಯ ನನ್ನದಾಯಿತು. ವಾರಕ್ಕೆರಡು ಸಲ ನೆತ್ತಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಉಳಿದ ದಿನ ಬರಿಯ ಬಿಸಿನೀರು, ಬಚ್ಚಲುಮನೆಯ ಕತ್ತಲು, ಒಲೆಯ ಕೆಂಡದ ಬೆಳಕು. ಆ ಹೊತ್ತಿನಲ್ಲಿ ಅತ್ತೆ ಕರೆದರೆ ಓಗೊಡುವ ಹೊಣೆ ಯಜಮಾನರದಾಗಿತ್ತು. ನಿಮ್ಮ ಕಾಲು ಗಂಟೆ ನಿಮ್ಮನ್ನು ಚುಚ್ಚಿದ್ದು ಅದು ತಪ್ಪಾದ್ದರಿಂದಲ್ಲ, ಹೇಳದೆ ಹೋದದ್ದರಿಂದ ಎಂದು ನನಗೆ ತೋರುತ್ತದೆ. ಕದ್ದು ತೆಗೆದುಕೊಂಡ ವಿಶ್ರಾಂತಿ ಮೈಗೆ ಹತ್ತುವುದಿಲ್ಲ. ಹೊತ್ತು ಗೊತ್ತುಮಾಡಿ, ಮನೆಯವರಿಗೆ ಹೇಳಿ, ಆಮೇಲೆ ಕುಳಿತುಕೊಳ್ಳಿ.

ರಾತ್ರಿಪಾಳಿ (ಹಾಸನ)

ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ನಿದ್ದೆಯ ವಿಷಯ. ಕೆಫೀನಿನ ಪ್ರಮಾಣ ದೇಹದಲ್ಲಿ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಕಾಫಿಯ ಅರ್ಧ ಭಾಗ ರಾತ್ರಿ 11ಕ್ಕೂ ನಿಮ್ಮೊಳಗೆ ಕೆಲಸ ಮಾಡುತ್ತಿರುತ್ತದೆ. ಮಧ್ಯಾಹ್ನದ ನಂತರ ಕಾಫಿ ಬಿಟ್ಟು ಜೀರಿಗೆ, ಕೊತ್ತಂಬರಿ ಬೀಜದ ಕಷಾಯವನ್ನು ಬೆಲ್ಲ ಹಾಕಿ ಕುಡಿಯಿರಿ. ಎದೆ ಡವಗುಟ್ಟುವಾಗ ಉಸಿರನ್ನು ಎಳೆದುಕೊಂಡುದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಉಸಿರು ಬಿಡುವಾಗ ಹೃದಯದ ಬಡಿತ ತುಸು ಇಳಿಯುತ್ತದೆ, ನಾಲ್ಕೈದು ನಿಮಿಷದಲ್ಲಿ ವ್ಯತ್ಯಾಸ ಕಾಣುತ್ತದೆ.

ಮಗ್ಗುಲು ಬದಲಿಸುವುದನ್ನು ಕೈಬಿಡಬೇಡಿ. ಹಾಸಿಗೆ ಹುಣ್ಣು ಒಮ್ಮೆ ಆದರೆ ಮಾಯುವುದು ಬಹಳ ಕಷ್ಟ. ಏರ್ ಬೆಡ್ ಹಾಕಿದರೆ ರಾತ್ರಿಯ ಅಂತರವನ್ನು ಸ್ವಲ್ಪ ಹೆಚ್ಚಿಸಬಹುದೇ ಎಂದು ವೈದ್ಯರು ಚರ್ಮದ ಸ್ಥಿತಿ ನೋಡಿಯೇ ಹೇಳಬೇಕು, ನೀವಾಗಿ ನಿರ್ಧರಿಸಬೇಡಿ. ವಾರದಲ್ಲಿ ಎರಡು ರಾತ್ರಿಯಾದರೂ ಬಂಧುಗಳನ್ನೋ ಸಂಬಳದ ಸಹಾಯಕರನ್ನೋ ಕರೆದು ನೀವು ಬೇರೆ ಕೋಣೆಯಲ್ಲಿ ಮಲಗಿ. ಉಳಿದ ಯಾವ ಉಪಚಾರವೂ ಆ ನಿದ್ದೆಗೆ ಸಮವಲ್ಲ.

ಇನ್ನೊಂದು ಮಾತು. ಮಲಗಲು ಸಮಯ ಸಿಕ್ಕರೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಬದುಕೇ ಬೇಡವೆನಿಸಿದರೆ, ಕಷಾಯ ಮತ್ತು ಬಿಸಿನೀರಿನ ಸ್ನಾನಕ್ಕೆ ಕಾಯಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಮಳೆಪುಸ್ತಕ (ಮೂಡಿಗೆರೆ)

ತಮ್ಮ, ನನಗೆ ಅರವತ್ತೆಂಟು ವರ್ಷ. ನನ್ನ ಕಷ್ಟ ಬೇರೆ ಬಗೆಯದು. 2019ರ ಆಗಸ್ಟ್ ಮಳೆಗೆ ನಮ್ಮ ತೋಟದ ಒಂದು ಪಾರ್ಶ್ವ ಕುಸಿದು ಹಳ್ಳ ಸೇರಿತು. ಅದೇ ಮಳೆಗೆ ನಮ್ಮ ತಾಲ್ಲೂಕಿನ ಮಲೆಮನೆ ಎಂಬ ಊರಿನಲ್ಲಿ ಜನರ ಮನೆಗಳೇ ಹೋದವು. ಅವರ ಮುಂದೆ ನನ್ನ ನಷ್ಟವನ್ನು ಹೇಳಿಕೊಳ್ಳುವುದಕ್ಕೂ ನಾಚಿಕೆಯಾಗಿ, ಎರಡು ವಾರ ಯಾರೊಂದಿಗೂ ಮಾತನಾಡದೆ ಒಳಗೇ ಕುಳಿತೆ.

ಬೆಳೆಗಾರರು ಬೆಳಿಗ್ಗೆ ಎದ್ದು ಮಳೆ ಅಳೆದು, ಇಂಚು ಸೆಂಟಿನ ಲೆಕ್ಕದಲ್ಲಿ (ನೂರು ಸೆಂಟಿಗೆ ಒಂದು ಇಂಚು) ಪುಸ್ತಕಕ್ಕೆ ಬರೆಯುವುದು ನಿಮಗೆ ಗೊತ್ತಿರಬಹುದು. ನಮ್ಮ ತಂದೆಯ ಕಾಲದಿಂದ ನಡೆದುಬಂದ ಆ ಬರಹವೂ ನನ್ನಿಂದ ನಿಂತುಹೋಗಿತ್ತು. ಮತ್ತೆ ಶುರು ಮಾಡಿದ ದಿನ ಬರೆದದ್ದು ಎಂಬತ್ತು ಸೆಂಟು. ಅಳೆದು, ಬರೆದು, ಪುಸ್ತಕ ಮುಚ್ಚಿದರೆ ಆ ಕೆಲಸ ಅಲ್ಲಿಗೆ ಮುಗಿಯುತ್ತದೆ. ಯಾವುದೂ ಮುಗಿಯದಂತೆ ಕಾಣುವ ದಿನಗಳಲ್ಲಿ ಅಂಥದೊಂದು ಕೆಲಸ ಎಷ್ಟು ದೊಡ್ಡ ಆಸರೆಯೆಂದು ನನಗೆ ಆಗ ತಿಳಿಯಿತು. ನಂತರ ಅಳತೆಯ ಪಕ್ಕದಲ್ಲಿ ಒಂದೊಂದು ಸಾಲು ಬರೆಯತೊಡಗಿದೆ: ಯಾರು ಬಂದಿದ್ದರು, ಏನು ತಿಂದೆ, ಯಾವ ಹಕ್ಕಿ ಕೂಗಿತು.

ಕಾಫಿಯ ವಿಷಯದಲ್ಲಿ ನರ್ಸಮ್ಮನವರ ಮಾತು ಸರಿ. ಆದರೂ ಬೆಳಗಿನ ಒಂದು ಲೋಟವನ್ನು ಮಾತ್ರ ಬಿಡಬೇಡ ಎನ್ನುತ್ತೇನೆ. ಒಲೆಯ ಮುಂದೆ ನಿಂತು ಗಂಟಲಿಗೆ ಸುರಿದುಕೊಳ್ಳದೆ, ಜಗಲಿಯಲ್ಲಿ ತಾಯಿಯ ಜೊತೆ ಕುಳಿತು ಕುಡಿ.

ತೋಟದಮನೆ (ಆಲ್ದೂರು)

ಎಲ್ಲರಿಗೂ ಕೃತಜ್ಞತೆಗಳು. ಹಿರಿಯರ ಮಾತಿನಂತೆ ಇಂದು ಬೆಳಿಗ್ಗೆ ಅಮ್ಮನ ಜೊತೆ ಜಗಲಿಯಲ್ಲಿ ಕುಳಿತೆ. ನನಗೆ ವಾರದಲ್ಲಿ ಒಂದು ಸಂಜೆ ಬೇಕು ಎಂದು ಹೇಳಲು ಹೋದವನು, ಈ ಏಳು ತಿಂಗಳಲ್ಲಿ ಅಮ್ಮನಿಗೆ ಏನು ಬೇಕೆಂದು ಒಮ್ಮೆಯೂ ಕೇಳಿಲ್ಲವೆಂಬುದು ಹೊಳೆದು, ಅದನ್ನೇ ಮೊದಲು ಕೇಳಿದೆ. ಮೇಲ್ಮನೆಯ ಅಕ್ಕನ ಜೊತೆ ಕುಳಿತು ಒಂದು ಗಂಟೆ ಹೂ ಕಟ್ಟಬೇಕು ಎಂದರು. ಭಾನುವಾರ ನಾಲ್ಕರಿಂದ ಐದು ಅವರದು, ಬುಧವಾರ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ನನ್ನದು ಎಂದು ಮಾತಾಗಿದೆ. ಏರ್ ಬೆಡ್ ಬಗ್ಗೆ ಸೋಮವಾರ ವೈದ್ಯರನ್ನು ಕೇಳುತ್ತೇನೆ. ನಾಳೆಯೇ ಭಾನುವಾರ, ಅಮ್ಮ ಈಗಲೇ ಹೂವಿನ ಬುಟ್ಟಿಯನ್ನು ತೊಳೆದು ಬಿಸಿಲಿಗೆ ಇಟ್ಟಿದ್ದಾರೆ.