ಇಳಿಜಾರಿನ ತೋಟದಲ್ಲಿ ಇಂಗುಗುಂಡಿ ತೆಗೆಸಬಹುದಾ? (ಕೊಡಗು, ಮಾದಾಪುರ ಕಡೆ)

ಬೆಟ್ಟದ_ಮನೆ:
ಎಲ್ಲರಿಗೂ ನಮಸ್ಕಾರ. ಮಾದಾಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮನೆ ಕೆಳಗಿದೆ. ಮನೆ ಹಿಂದೆ ಬರೆ (ಗೋಡೆಯ ಹಾಗೆ ಕಡಿದಾದ ಮಣ್ಣಿನ ದಿಬ್ಬ), ಬರೆಯ ಮೇಲೆ ತೋಟ, ಅದರ ಮೇಲೆ ಕಾಡು. ಕಾಡಿನ ಅಂಚಿನ ಒರತೆಯಿಂದ ಪೈಪ್ ಹಾಕಿ ಮನೆಗೆ ನೀರು ತಂದಿದ್ದೇವೆ. ಮೊದಲು ಏಪ್ರಿಲ್‌ವರೆಗೂ ಬರುತ್ತಿತ್ತು. ಈಗ ಫೆಬ್ರವರಿ ಮುಗಿಯುವಷ್ಟರಲ್ಲಿ ನೂಲಿನಷ್ಟು ಸಣ್ಣಗಾಗುತ್ತದೆ.

ತೋಟದ ತುಂಬ ಇಂಗುಗುಂಡಿ, ಅಡ್ಡ ಚರಂಡಿ ತೆಗೆಸಿದರೆ ಒರತೆ ತಾನಾಗಿ ಚಿಗುರುತ್ತದೆ ಎಂದು ಒಬ್ಬರು ಹೇಳಿದರು. ನಮ್ಮ ಅತ್ತೆ ಬೇಡವೇ ಬೇಡ ಅನ್ನುತ್ತಿದ್ದಾರೆ. 2018ರಲ್ಲಿ ಪಕ್ಕದ ಗುಡ್ಡ ಜರಿದದ್ದನ್ನು ಕಣ್ಣಾರೆ ಕಂಡವರು ಅವರು. ಬೇಸಿಗೆಯಲ್ಲಿ ನೀರೂ ಬೇಕು, ಮಳೆಗಾಲದಲ್ಲಿ ನಿದ್ದೆಯೂ ಬೇಕು. ಗೊತ್ತಿರುವವರು ಹೇಳಿ.

ಬಯಲುಸೀಮೆ_ರೈತ:
ಧೈರ್ಯವಾಗಿ ತೆಗೆಸಿ ಮೇಡಂ. ನಮ್ಮ ಚಿತ್ರದುರ್ಗದ ಕಡೆ ಬದು, ಗುಂಡಿ ಮಾಡಿದ ಹೊಲಗಳಲ್ಲಿ ಬತ್ತಿದ್ದ ಬೋರ್‌ವೆಲ್‌ಗಳಿಗೆ ನೀರು ಬಂದಿದೆ. ನೀರು ಹರಿದು ಹೋಗಲು ಬಿಡಬಾರದು, ಅಷ್ಟೇ.

ಹಟ್ಟಿಹೊಳೆ_ಬೆಳೆಗಾರ:
ಅಣ್ಣಾ, ನಿಮ್ಮ ಊರಿಗೆ ನಿಮ್ಮ ಮಾತು ಸರಿ. ಆದರೆ ನಿಮ್ಮಲ್ಲಿ ವರ್ಷವಿಡೀ ಬೀಳುವ ಮಳೆ ನಮ್ಮಲ್ಲಿ ಕೆಲವೊಮ್ಮೆ ಒಂದೇ ವಾರದಲ್ಲಿ ಬೀಳುತ್ತದೆ. ಇಲ್ಲಿ ಹರಿದು ಹೋಗಬೇಕಾದ ನೀರು ಹರಿದೇ ಹೋಗಬೇಕು.

ಅಕ್ಕ, ನಿಮ್ಮ ಅತ್ತೆಯ ಮಾತು ಕೇಳಿ. ಮನೆ ಮೇಲಿನ ಆ ಇಳಿಜಾರಿಗೆ ಜೆಸಿಬಿ ಹತ್ತಿಸಲೇಬೇಡಿ.

ನಾನು ಹಟ್ಟಿಹೊಳೆ ಕಡೆಯವನು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುವತ್ತೊಕ್ಲು, ಕಾಲೂರು, ಜೋಡುಪಾಲ, ಎಲ್ಲಿ ನೋಡಿದರೂ ಗುಡ್ಡ ಜಾರಿತ್ತು. ಮಳೆ ಬಿಟ್ಟ ಮೇಲೆ ನಮ್ಮ ಎದುರಿನ ಗುಡ್ಡಕ್ಕೆ ಹೋಗಿ ನೋಡಿದೆ. ಮೇಲೆ ಎರಡಾಳು ಕೆಂಪು ಮಣ್ಣು. ಅದರಡಿ ಬಿಳಿ, ಗುಲಾಬಿ ಬಣ್ಣದ ಶೇಡಿ ಮಣ್ಣು, ಮುಟ್ಟಿದರೆ ಸಾಬೂನಿನ ಹಾಗೆ ಜಾರುತ್ತಿತ್ತು. ಅದರಡಿ ಬಂಡೆ. ಬಂಡೆಯ ಮೈ ಪೂರ್ತಿ ತೊಳೆದು ಹೋಗಿತ್ತು, ಅದರ ಮೇಲೆ ನೀರು ಇನ್ನೂ ಇಳಿಯುತ್ತಿತ್ತು. ಕೆಲವು ಸಿಲ್ವರ್ ಓಕ್ ಮರಗಳು ನಿಂತ ನಿಲುವಿನಲ್ಲೇ ಕೆಳಗಿನ ಗದ್ದೆಗೆ ಬಂದು ಸೇರಿದ್ದವು. ಬೇರು ಎಷ್ಟು ಗಟ್ಟಿ ಇದ್ದರೇನು? ಬೇರಿನ ಅಡಿಯ ನೆಲವೇ ಜಾರಿದರೆ ಮರ ಏನು ಮಾಡೀತು?

ಇಂಗಿದ ನೀರು ಬಂಡೆಯ ತನಕ ಇಳಿದು ಅಲ್ಲೇ ನಿಲ್ಲುತ್ತದೆ. ಮಣ್ಣಿನ ತೂಕ ಜಾಸ್ತಿಯಾಗುತ್ತದೆ. ಒಳಗಿನ ನೀರಿನ ಒತ್ತಡ ಮಣ್ಣಿನ ಹಿಡಿತ ಸಡಿಲಿಸುತ್ತದೆ. ಕಡಿದಾದ ಜಾಗದಲ್ಲಿ ಗುಂಡಿ ತೆಗೆದರೆ ಆ ನೀರಿಗೆ ನಾವೇ ಬಾಗಿಲು ತೆರೆದುಕೊಟ್ಟ ಹಾಗೆ. ಅದರ ಮೇಲೆ ರಸ್ತೆಗೋ ಮನೆಗೋ ಅಂತ ಗುಡ್ಡದ ಬುಡವನ್ನು ನೇರಕ್ಕೆ ಕಡಿದಿದ್ದರೆ ಇನ್ನೂ ಕಷ್ಟ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯವರು ಆ ವರ್ಷ ಕೊಡಗಿಗೆ ಬಂದು ನೋಡಿ ಹೇಳಿದ್ದೂ ಇದನ್ನೇ: ಇಳಿಜಾರು ಕಡಿದದ್ದು, ನೀರಿನ ಸಹಜ ದಾರಿ ಮುಚ್ಚಿದ್ದು.

ಹಾಗಂತ ಎಲ್ಲೂ ನೀರು ಇಂಗಿಸಬೇಡಿ ಅನ್ನುತ್ತಿಲ್ಲ. ತೋಟದಲ್ಲಿ ಸಮತಟ್ಟು ಇರುವ ಕಡೆ, ಮನೆಗೂ ಬರೆಗೂ ದೂರದಲ್ಲಿ, ಆಳವಿಲ್ಲದ ತೊಟ್ಟಿಲು ಗುಂಡಿ (ಗಿಡಗಳ ಸಾಲಿನ ನಡುವೆ ತೆಗೆಯುವ ಉದ್ದನೆಯ ಸಣ್ಣ ಗುಂಡಿ) ಇರಲಿ. ಕೈಯಲ್ಲೇ ತೆಗೆಸಿ, ದರಗು (ಒಣಗಿ ಬಿದ್ದ ಎಲೆ) ತುಂಬಿಸಿ. ಕೆಳಗೆ ಗದ್ದೆ ಇದ್ದರೆ ದಯವಿಟ್ಟು ಪಾಳು ಬಿಡಬೇಡಿ. ಭತ್ತದ ಗದ್ದೆ ತಿಂಗಳುಗಟ್ಟಲೆ ನೀರು ನಿಲ್ಲಿಸಿಕೊಂಡು ನಿಧಾನವಾಗಿ ಇಂಗಿಸುತ್ತದೆ, ಅದೂ ತಗ್ಗಿನಲ್ಲಿ, ಯಾರ ತಲೆಯ ಮೇಲೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ಗದ್ದೆಗಳು ಹೋಗುತ್ತಿರುವುದು ನನಗೆ ಬಹಳ ಸಂಕಟದ ವಿಷಯ.

ಮನೆ ಹಿಂದಿನ ಬರೆಗೆ ಬೇರೆ ಕೆಲಸ ಇದೆ. ಬರೆಯ ನೆತ್ತಿಯಿಂದ ಸ್ವಲ್ಪ ಹಿಂದೆ ಒಂದು ಚರಂಡಿ ಮಾಡಿ, ಮೇಲಿಂದ ಬರುವ ನೀರನ್ನು ಪಕ್ಕದ ಕೊಲ್ಲಿಗೆ (ಗುಡ್ಡದಿಂದ ಇಳಿಯುವ ತೊರೆಗೆ) ಬಿಡಿ. ಅದರಲ್ಲಿ ನೀರು ನಿಲ್ಲಬಾರದು, ಓಡಬೇಕು. ಮೇ ತಿಂಗಳಲ್ಲಿ ದರಗು ತೆಗೆದು ಚೊಕ್ಕಟ ಮಾಡಿ. ತಡೆಗೋಡೆ ಕಟ್ಟಿಸಿದರೆ ನೀರು ಹೊರಬರಲು ತೂತು ಬಿಡಲೇಬೇಕು. ತೂತಿಲ್ಲದ ಗೋಡೆಯ ಹಿಂದೆ ನೀರು ತುಂಬಿ, ಒಂದು ದಿನ ಗೋಡೆ ಸಮೇತ ಬರುತ್ತದೆ.

ಬೇಸಿಗೆ ನೀರಿಗೆ ಮಾಡಿನ (ಛಾವಣಿಯ) ನೀರು ಹಿಡಿಯಿರಿ. ಸಾವಿರ ಚದರಡಿ ಮಾಡಿಗೆ ಒಂದು ಇಂಚು ಮಳೆ ಬಿದ್ದರೆ 2,300 ಲೀಟರ್ ಬರುತ್ತದೆ. ಕುಡಿಯಲು, ಅಡುಗೆಗೆ ನಾಲ್ಕು ಜನಕ್ಕೆ ದಿನಕ್ಕೆ 80 ಲೀಟರ್ ಅಂದರೂ 5,000 ಲೀಟರ್ ಟ್ಯಾಂಕ್ ಎರಡು ತಿಂಗಳು ಬರುತ್ತದೆ. ಮಳೆಗಾಲದ ಕೊನೆಯಲ್ಲಿ ಟ್ಯಾಂಕ್ ತೊಳೆದು ತುಂಬಿಸಿ ಮುಚ್ಚಿಡಿ. ಟ್ಯಾಂಕನ್ನು ಬರೆಯ ಮೇಲೆ ಕೂರಿಸಬೇಡಿ, ಅದರ ಭಾರವೂ ಸೋರುವ ನೀರೂ ಮನೆ ಮೇಲೆಯೇ ಬೀಳುತ್ತದೆ.

ಸಿಕ್ಕಿಂ_ಕನ್ನಡಿಗ:
ನಾನು ಗ್ಯಾಂಗ್ಟಾಕ್‌ನಲ್ಲಿ ಕೆಲಸದಲ್ಲಿದ್ದೇನೆ, ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಒರತೆಗೆ ಧಾರಾ ಅನ್ನುತ್ತಾರೆ. ಬತ್ತುತ್ತಿದ್ದ ಧಾರಾಗಳನ್ನು ಉಳಿಸಲು 2008ರಲ್ಲಿ ಸರ್ಕಾರ ಧಾರಾ ವಿಕಾಸ್ ಶುರು ಮಾಡಿತು. ಮಳೆ ಕಡಿಮೆ ಬೀಳುವ ದಕ್ಷಿಣ, ಪಶ್ಚಿಮ ಭಾಗಗಳಲ್ಲಿ ಈ ಕೆಲಸ ಜಾಸ್ತಿ ನಡೆದಿದೆ. ಗುಂಡಿ ತೋಡುವ ಕೂಲಿ ನರೇಗಾದಿಂದ ಬರುತ್ತಿತ್ತು. ಆದರೆ ತೋಡುವುದಕ್ಕೆ ಮೊದಲು ಒರತೆಗೆ ನೀರು ಎಲ್ಲಿಂದ ಬರುತ್ತದೆ ಎಂದು ನೋಡುತ್ತಾರೆ. ಬಂಡೆಯ ಪದರ ಯಾವ ಕಡೆ ವಾಲಿದೆಯೋ ನೀರು ಆ ಕಡೆ ಇಳಿಯುತ್ತದೆ. ಕೆಲವೊಮ್ಮೆ ನಿಮ್ಮ ಒರತೆಗೆ ನೀರು ಕೊಡುವ ಜಾಗ ಗುಡ್ಡದ ಆಚೆ ಮಗ್ಗುಲಲ್ಲಿ ಇರುತ್ತದೆ! ಅಂಥ ಕಡೆ ನಿಮ್ಮ ತೋಟ ಅಗೆದರೆ ಒರತೆಗೆ ಏನೂ ಸಿಗುವುದಿಲ್ಲ, ಅಪಾಯ ಮಾತ್ರ ನಿಮ್ಮದು. ಒಬ್ಬ ಭೂವಿಜ್ಞಾನಿಯನ್ನು ಕರೆಸಿ ತೋರಿಸಿ.

ಬೆಟ್ಟದ_ಮನೆ:
ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ. ಜೆಸಿಬಿ ಬೇಡ ಅಂತ ತೀರ್ಮಾನ ಆಯಿತು. ಇನ್ನೊಂದು ಪ್ರಶ್ನೆ: ಎಷ್ಟು ಮಳೆ ಬಿದ್ದರೆ ಮನೆ ಬಿಟ್ಟು ಹೊರಡಬೇಕು?

ಹಟ್ಟಿಹೊಳೆ_ಬೆಳೆಗಾರ:
ಎಲ್ಲ ಗುಡ್ಡಕ್ಕೂ ಒಂದೇ ಲೆಕ್ಕ ಇಲ್ಲ ಅಕ್ಕ. ಆದರೆ ಲೆಕ್ಕ ಇಡುವುದು ಬಹಳ ಮುಖ್ಯ. ನಿಮ್ಮ ಮನೆಯಲ್ಲೂ ಮಳೆ ಮಾಪಕ ಇರಬಹುದು, ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುವ ಹಳೆಯ ಡೈರಿಗಳೂ ಇರಬಹುದು. ಒಂದು ದಿನದ ಮಳೆ ಮಾತ್ರ ನೋಡಬೇಡಿ, ಎರಡು ಮೂರು ದಿನದ್ದನ್ನು ಕೂಡಿಸಿ ನೋಡಿ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವಲ್ಲ, ಅದಕ್ಕೆ ಮೊದಲು 48 ಗಂಟೆಯಲ್ಲಿ 572 ಮಿ.ಮೀ. ಮಳೆ ಬಿದ್ದಿತ್ತು. ನಮ್ಮ ಲೆಕ್ಕದಲ್ಲಿ ಇಪ್ಪತ್ತೆರಡೂವರೆ ಇಂಚು. ಅಲ್ಲಿನ ಹ್ಯೂಮ್ ಸೆಂಟರ್ ಎಂಬ ಸಂಶೋಧನಾ ಸಂಸ್ಥೆ ಊರೂರಲ್ಲಿ ಮಾಪಕ ಇಟ್ಟು ಲೆಕ್ಕ ತೆಗೆಯುತ್ತದೆ. ಅವರು ಹಿಂದಿನ ದಿನವೇ ಎಚ್ಚರಿಸಿದ್ದರು. ಜಾರಿದ್ದು ಮೇಲಿನ ಕಾಡಿನಲ್ಲಿ, ಜನ ಹೋದದ್ದು ಹಲವು ಕಿಲೋಮೀಟರ್ ಕೆಳಗೆ, ಹೊಳೆಯ ಬದಿಯಲ್ಲಿ. ಅದಕ್ಕೇ ನಿಮ್ಮ ಪಕ್ಕದ ಕೊಲ್ಲಿ ಎಲ್ಲಿಂದ ಇಳಿದು ಬರುತ್ತದೆ ಎಂದು ಒಮ್ಮೆ ನಡೆದು ನೋಡಿ ಬನ್ನಿ.

ನಮ್ಮಲ್ಲೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಾಪಕ ಇಟ್ಟಿದ್ದಾರೆ. ಆದರೆ ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆ ಬೇರೆ. ಮನೆಯ ಲೆಕ್ಕವೂ ಇರಲಿ.

ಇನ್ನು, ತೋಟದಲ್ಲಿ ಹೊಸ ಬಿರುಕು ಕಂಡರೆ, ಮರ ವಾಲಿದರೆ, ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಜೋರು ಮಳೆಯಲ್ಲೂ ಕೊಲ್ಲಿಯ ನೀರು ಕಡಿಮೆಯಾದರೆ, ಅಂಗಳದಲ್ಲಿ ಹೊಸದಾಗಿ ಜಲ ಎದ್ದರೆ, ಮಾಪಕ ನೋಡುತ್ತಾ ಕೂರಬೇಡಿ. ಅತ್ತೆಯನ್ನು ಕರೆದುಕೊಂಡು ಹಗಲಿರುವಾಗಲೇ ಹೊರಡಿ, ಕೊಲ್ಲಿ ದಾಟುವ ದಾರಿ ಬಿಟ್ಟು. ಹೊರಡುವಾಗ ದನಗಳ ಹಗ್ಗ ಬಿಚ್ಚಿ. 2018ರಲ್ಲಿ ಕಟ್ಟಿದ ಜಾಗದಲ್ಲೇ ಎಷ್ಟೋ ದನಗಳು ಹೋದವು.

ಬರೆಯ ಒಂದೆರಡು ಫೋಟೋ ಹಾಕಿ. ಚರಂಡಿ ಯಾವ ಕಡೆ ತಿರುಗಿಸಬಹುದು ಅಂತ ನೋಡಿ ಹೇಳುತ್ತೇನೆ.