ಎಂ.ಜಿ. ಟಿ.ಡಿ. ಇಂಜಿನ್: 13 ಕೂರುವುದಿಲ್ಲ, 14 ಜಾರುತ್ತದೆ, ಸರಿಯಾದ ಸ್ಪ್ಯಾನರ್ ಎಲ್ಲಿ ಸಿಗುತ್ತದೆ?

ಟಿಡಿ_ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರು ಬಿಟ್ಟುಹೋದ 1951ರ ಎಂ.ಜಿ. ಟಿ.ಡಿ. ಕಾರು ಬಹಳ ವರ್ಷಗಳಿಂದ ಶೆಡ್ಡಿನಲ್ಲೇ ನಿಂತಿತ್ತು. ಅದನ್ನು ಮತ್ತೆ ಓಡಿಸುವ ಆಸೆಯಿಂದ ಕೆಲಸ ಆರಂಭಿಸಿ, ಸೋರುತ್ತಿದ್ದ ವಾಟರ್ ಪಂಪನ್ನು ಬಿಚ್ಚುವ ಹಂತದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಪಂಪಿನ ಬೋಲ್ಟುಗಳ ತಲೆಗೆ 13 ಮಿ.ಮೀ. ರಿಂಗ್ ಸ್ಪ್ಯಾನರ್ ಕೂರುವುದೇ ಇಲ್ಲ, 14 ಹಾಕಿದರೆ ಜಾರುತ್ತದೆ. ಬ್ರಿಟಿಷ್ ಕಾರಿಗೆ ಇಂಚಿನ ಅಳತೆಯೇ ಸರಿಯೆಂದು ಅಂತರ್ಜಾಲದಲ್ಲಿ ಒಂದು ಇಂಚು ಸೆಟ್ ತರಿಸಿದೆ. ಅದರಲ್ಲಿ 1/2 ಚಿಕ್ಕದಾಯಿತು, 9/16 ದೊಡ್ಡದಾಯಿತು. ಆ ದೊಡ್ಡದನ್ನೇ ಒತ್ತಿ ಹಿಡಿದು ತಿರುಗಿಸಲು ಹೋಗಿ ಒಂದು ಬೋಲ್ಟಿನ ಮೂಲೆಗಳನ್ನು ಪೂರ್ತಿ ಸವೆಸಿಬಿಟ್ಟೆ. ಸ್ಪ್ಯಾನರಿನ ಬಾಯಿಯೂ ಅಗಲವಾಗಿ ಹೋಯಿತು.

ವಿಚಿತ್ರವೆಂದರೆ, ಬಿಚ್ಚಿ ಬಂದ ಇನ್ನೊಂದು ಬೋಲ್ಟನ್ನು ವರ್ನಿಯರಿನಲ್ಲಿ (ಸೂಕ್ಷ್ಮವಾಗಿ ಅಳೆಯುವ ಉಪಕರಣ) ಅಳೆದಾಗ ಅದರ ಕಾಂಡ ಸುಮಾರು 8 ಮಿ.ಮೀ. ಬಂತು, ತಲೆ 13.3 ಮಿ.ಮೀ. ಬಂತು. ಕಾಂಡ ಮೆಟ್ರಿಕ್, ತಲೆ ಯಾವುದೂ ಅಲ್ಲ! ಇದು ಯಾವ ಅಳತೆ, ಇದಕ್ಕೆ ಒಳ್ಳೆಯ ಗುಣಮಟ್ಟದ ಸಲಕರಣೆ ಎಲ್ಲಿ ದೊರೆಯುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಅಂಬಿ_ತುಮಕೂರು:

ಸರ್, ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ ಎಂದು ನನ್ನ ಅನಿಸಿಕೆ. ನಮ್ಮ ಆಂಬಾಸಡರಿನ 1489 ಸಿ.ಸಿ. ಇಂಜಿನ್ ಮತ್ತು ಎಂ.ಜಿ. ಇಂಜಿನ್ ಒಂದೇ ಮನೆತನದವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆಂಬಾಸಡರಿಗೆಂದು ಕೇಳಿದರೆ ಒಳ್ಳೆಯ ಇಂಚು ಸ್ಪ್ಯಾನರುಗಳನ್ನೇ ಕೊಡುತ್ತಾರೆ. ನೀವು ತರಿಸಿದ ಸೆಟ್ ಕಳಪೆಯದಾಗಿರಬೇಕು.

ಬರ್ಮಿಂಗ್‌ಹ್ಯಾಮ್_ಕನ್ನಡಿಗ:

ತುಮಕೂರಿನ ಸ್ನೇಹಿತರ ಮಾತು ಎಂ.ಜಿ.ಎ. ಕಾರಿಗೆ ಸರಿಯಾಗಿ ಅನ್ವಯಿಸುತ್ತದೆ, ಟಿ.ಡಿ.ಗೆ ಅನ್ವಯಿಸುವುದಿಲ್ಲ. 1955ರಲ್ಲಿ ಬಂದ ಎಂ.ಜಿ.ಎ.ಯಲ್ಲಿ, ಆಮೇಲೆ ಆಂಬಾಸಡರಿನಲ್ಲಿ ಇದ್ದದ್ದು ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ಇಂಜಿನ್. ಆ ಕಾಲಕ್ಕೆ ಇಂಗ್ಲೆಂಡಿನ ಕಾರು ಕಾರ್ಖಾನೆಗಳು ಅಮೆರಿಕದೊಡನೆ ಹೊಂದುವ ಯುನಿಫೈಡ್ ಥ್ರೆಡ್ಡಿಗೆ (ಬೋಲ್ಟಿನ ತಿರುಪು ಸುತ್ತುಗಳ ಅಳತೆಗೆ) ಬದಲಾಗಿದ್ದವು. ಆದ್ದರಿಂದ ಅಲ್ಲಿ 1/2, 9/16 ಎಂದು ತಲೆಯ ಅಗಲವನ್ನೇ ಬರೆದ ಎ.ಎಫ್. ಸ್ಪ್ಯಾನರುಗಳು ನಡೆಯುತ್ತವೆ. 1949ರ ಕೊನೆಯಿಂದ 1953ರವರೆಗೆ ತಯಾರಾದ ಟಿ.ಡಿ.ಯಲ್ಲಿರುವುದು ಅದಕ್ಕಿಂತ ಹಿಂದಿನ, 1250 ಸಿ.ಸಿ.ಯ ಎಕ್ಸ್.ಪಿ.ಎ.ಜಿ. ಇಂಜಿನ್. ಇದರ ಕಥೆಯೇ ಬೇರೆ.

ಮೊದಲ ಮಹಾಯುದ್ಧದ ಸಮಯದಲ್ಲಿ ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯು ಮೆಷಿನ್ ಗನ್ ತಯಾರಿಸಲು ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ಮಾರಿಸ್ ಕಾರುಗಳಿಗೆ ಇಂಜಿನ್ ಮಾಡಿಕೊಡತೊಡಗಿತು, 1923ರಲ್ಲಿ ಮಾರಿಸ್ ಅದನ್ನು ಕೊಂಡುಕೊಂಡರು. ಅಲ್ಲಿದ್ದ ಯಂತ್ರಗಳೆಲ್ಲ ಫ್ರೆಂಚ್ ಪದ್ಧತಿಯಂತೆ ಮಿಲಿಮೀಟರಿನಲ್ಲಿ ಥ್ರೆಡ್ ಕತ್ತರಿಸುವಂಥವು. ಅವನ್ನೆಲ್ಲ ಬದಲಾಯಿಸುವುದು ದುಬಾರಿ. ಆದರೆ ಇಂಗ್ಲೆಂಡಿನ ಯಾವ ಗ್ಯಾರೇಜಿನಲ್ಲೂ ಮೆಟ್ರಿಕ್ ಸ್ಪ್ಯಾನರ್ ಇರುತ್ತಿರಲಿಲ್ಲ. ಹಾಗಾಗಿ ಥ್ರೆಡ್ಡನ್ನು ಮೆಟ್ರಿಕ್ಕಿನಲ್ಲೇ ಉಳಿಸಿ, ಬೋಲ್ಟಿನ ತಲೆಯನ್ನು ಮಾತ್ರ ಎಲ್ಲರ ಬಳಿ ಇದ್ದ, ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯ ಸ್ಪ್ಯಾನರಿಗೆ ಹೊಂದುವಂತೆ ಮಾಡಿದರು. ಮುಂದೆ ಅಲ್ಲಿಂದಲೇ ಬಂದ ನಿಮ್ಮ ಇಂಜಿನ್ನಿಗೂ ಈ ಪದ್ಧತಿ ಇಳಿದುಬಂದಿದೆ. ಇಲ್ಲಿನ ಹವ್ಯಾಸಿಗಳು ಇದನ್ನು ಹುಚ್ಚು ಮೆಟ್ರಿಕ್ ಎಂದು ನಗೆಯಾಡುತ್ತಾರೆ.

ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಬರೆದಿರುವುದು ಬಾಯಿಯ ಅಗಲವಲ್ಲ, ಬೋಲ್ಟಿನ ಕಾಂಡದ ಅಳತೆ. ಕೊಳ್ಳುವವರು ಎಡವುವುದು ಇಲ್ಲಿಯೇ. 1/4 ಡಬ್ಲ್ಯೂ ಎಂದು ಬರೆದ ಸ್ಪ್ಯಾನರಿನ ಬಾಯಿ ಕಾಲಿಂಚಿನದ್ದಲ್ಲ, 0.525 ಇಂಚಿನದ್ದು, ಅಂದರೆ ನೀವು ಅಳೆದ 13.3 ಮಿ.ಮೀ. ಅದೇ ಸ್ಪ್ಯಾನರಿನ ಮೇಲೆ 5/16 ಬಿ.ಎಸ್. ಎಂದೂ ಬರೆದಿರುವುದುಂಟು. ಬಿ.ಎಸ್.ಎಫ್. (ಸಣ್ಣ ಥ್ರೆಡ್ಡಿನ ಬ್ರಿಟಿಷ್ ಅಳತೆ) ಬೋಲ್ಟುಗಳ ತಲೆ ಅದೇ ಕಾಂಡದ ವಿಟ್‌ವರ್ತ್ ಬೋಲ್ಟಿಗಿಂತ ಒಂದು ಅಳತೆ ಚಿಕ್ಕದಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಉಕ್ಕು ಉಳಿಸಲೆಂದು ವಿಟ್‌ವರ್ತ್ ಬೋಲ್ಟಿನ ತಲೆಯನ್ನೂ ಅಷ್ಟಕ್ಕೇ ಇಳಿಸಿದರು. ಎರಡು ಗುರುತುಗಳಿದ್ದರೂ ಬಾಯಿ ಒಂದೇ ಎಂಬುದನ್ನು ನೆನಪಿಟ್ಟುಕೊಳ್ಳಿ.

ನಿಮ್ಮ ಕಾರಿಗೆ ಮುಖ್ಯವಾಗಿ ಬೇಕಾಗುವವು 3/16 (11.3 ಮಿ.ಮೀ.), 1/4 (13.3), 5/16 (15.2), 3/8 (18.0), 7/16 (20.8) ಮತ್ತು 1/2 (23.4). ಇವುಗಳಲ್ಲಿ 7/16ಕ್ಕೆ ಒಳ್ಳೆಯ 21 ಮಿ.ಮೀ. ರಿಂಗ್ ಸ್ಪ್ಯಾನರ್ ಸೊಗಸಾಗಿ ಕೂರುತ್ತದೆ. 3/8ಕ್ಕೆ 18 ಮಿ.ಮೀ. ಬಹುತೇಕ ಕೂರುತ್ತದೆ. ಮೊದಲ ಮೂರಕ್ಕೆ ಬದಲಿ ಇಲ್ಲ, ಹುಡುಕುವುದೂ ಬೇಡ. ಹಣವನ್ನು ಆ ಮೂರು ಅಳತೆಗಳ ಮೇಲೆ ಹಾಕಿ.

ಹೊಸದನ್ನೇ ಕೊಳ್ಳುವುದಾದರೆ 1856ರಿಂದ ನಡೆದುಬಂದಿರುವ ಇಲ್ಲಿನ ಕಿಂಗ್ ಡಿಕ್ ಕಂಪನಿಯ ಸ್ಪ್ಯಾನರುಗಳು ಉತ್ತಮ. ಸಾಕೆಟ್ಟುಗಳಿಗೆ ಜಪಾನಿನ ಕೋಕೆನ್ ನನ್ನ ಮೊದಲ ಆಯ್ಕೆ, ಏಕೆಂದರೆ ಅದರ ಗೋಡೆ ತೆಳ್ಳಗಿದ್ದು ಇಕ್ಕಟ್ಟಾದ ಜಾಗಕ್ಕೂ ಹೋಗುತ್ತದೆ. ಸಾಕೆಟ್ ಯಾವುದೇ ಕಂಪನಿಯದಾಗಲಿ, ಆರು ಮೂಲೆಯದನ್ನೇ ಕೇಳಿ. ಎಪ್ಪತ್ತು ವರ್ಷ ಹಳೆಯ ತಲೆಗಳಿಗೆ ಹನ್ನೆರಡು ಮೂಲೆಯ ಸಾಕೆಟ್ ಹಾಕಿದರೆ ಅದು ಮೂಲೆಯನ್ನಷ್ಟೇ ಕಚ್ಚುತ್ತದೆ.

ಟಿಡಿ_ಮೈಸೂರು:

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು ಸರ್. ಅಲ್ಲಿಂದ ತರಿಸಿದರೆ ಅಂಚೆ ವೆಚ್ಚವೂ ಸುಂಕವೂ ಸೇರಿ ಭಾರವಾಗುವಂತೆ ಕಾಣುತ್ತದೆ. ಇಲ್ಲಿಯೇ ಹಳೆಯ ಸ್ಪ್ಯಾನರುಗಳು ಸಿಗುವ ಸಾಧ್ಯತೆ ಇದೆಯೇ? ಮೂಲೆ ಸವೆದ ಬೋಲ್ಟನ್ನು ಇಂಜಿನ್ನಿಗೆ ಏಟಾಗದಂತೆ ತೆಗೆಯುವುದು ಹೇಗೆ?

ಹಳೇಬುಲೆಟ್_ಶಿವಾಜಿನಗರ:

ಖಂಡಿತ ಸಿಗುತ್ತವೆ, ಆದರೆ ಎಂ.ಜಿ. ಹೆಸರಿನಲ್ಲಿ ಕೇಳಬೇಡಿ. ಕ್ಲಾಸಿಕ್ ಕಾರೆಂದು ತಿಳಿದರೆ ಬೆಲೆ ಏರುತ್ತದೆ. ಬುಲೆಟ್ಟಿಗೆ ಎಂದು ಹೇಳಿ. ಮದರಾಸಿನಲ್ಲಿ 1955ರಿಂದ ತಯಾರಾದ ರಾಯಲ್ ಎನ್‌ಫೀಲ್ಡ್ ಬುಲೆಟ್ಟುಗಳಿಗೆ ಇದೇ ಬ್ರಿಟಿಷ್ ಅಳತೆಯ ಬೋಲ್ಟುಗಳು ಇದ್ದುದರಿಂದ ಹಳೆಯ ಮೆಕ್ಯಾನಿಕ್ಕುಗಳ ಪೆಟ್ಟಿಗೆಯಲ್ಲಿ ಈ ಸ್ಪ್ಯಾನರುಗಳು ಇದ್ದೇ ಇರುತ್ತಿದ್ದವು. ಅವರು ಕೆಲಸ ಬಿಟ್ಟ ಮೇಲೆ ಆ ಪೆಟ್ಟಿಗೆಗಳು ಶಿವಾಜಿನಗರದ ಗುಜರಿಗೆ, ಭಾನುವಾರಗಳಂದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂತೆಗೆ ಬರುತ್ತವೆ. ನನ್ನ ಬಳಿ ಇರುವ ಏಳು ವಿಟ್‌ವರ್ತ್ ಸ್ಪ್ಯಾನರುಗಳಲ್ಲಿ ಐದು ಹೀಗೆ ಬಂದವೇ.

ಜೇಬಿನಲ್ಲಿ ವರ್ನಿಯರ್ ಇಲ್ಲದೆ ಗುಜರಿಗೆ ಹೋಗಬೇಡಿ. ತೆರೆದ ಬಾಯಿಯ ಸ್ಪ್ಯಾನರನ್ನು ದವಡೆಯ ತುದಿಯಲ್ಲಿ ಒಮ್ಮೆ, ಬುಡದಲ್ಲಿ ಒಮ್ಮೆ ಅಳೆಯಿರಿ. ತುದಿಯ ಅಳತೆ ಹೆಚ್ಚು ಬಂದರೆ ದವಡೆ ಬಿಚ್ಚಿಕೊಂಡಿದೆ ಎಂದರ್ಥ. ಎಷ್ಟೇ ಹೆಸರಾಂತ ಕಂಪನಿಯದಾದರೂ ಅಲ್ಲೇ ಬಿಟ್ಟುಬನ್ನಿ. ನಿಮ್ಮ 1/4ರ ಬಾಯಿ 13.4ರಿಂದ 13.6ರೊಳಗೆ ಇದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದು. ಯಾರೋ ಗ್ರೈಂಡರಿನಲ್ಲಿ ಉಜ್ಜಿ ಬಾಯಿ ಹಿಗ್ಗಿಸಿರುವುದೂ ಉಂಟು. ಒಳಮೈಯಲ್ಲಿ ಅಡ್ಡಗೀರು ಕಂಡರೆ ಸಂಶಯಪಡಿ. ಮೇಲಿನ ತುಕ್ಕಿಗೆ ಹೆದರಬೇಕಾಗಿಲ್ಲ, ಸೀಮೆಎಣ್ಣೆ ಮತ್ತು ತಂತಿ ಬ್ರಷ್ ಸಾಕು. ಹೊಸದಾಗಿ ಹೊಳೆಯುವ ಕ್ರೋಮಿನ ಒಳಗೆ ಮೆತ್ತನೆಯ ಉಕ್ಕಿರುವ ಸೆಟ್ಟಿಗಿಂತ ತುಕ್ಕು ಹಿಡಿದ ಹಳೆಯ ಬ್ರಿಟೂಲ್ ಕಂಪನಿಯ ಸ್ಪ್ಯಾನರ್ ಎಷ್ಟೋ ಮೇಲು ಎಂಬುದು ನನ್ನ ಅನುಭವ.

ಸವೆದ ಬೋಲ್ಟಿನ ವಿಷಯದಲ್ಲಿ ಅವಸರ ಬೇಡ. ಮೂರು ದಿನ ಬೆಳಿಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕಿ. ನಂತರ ತಲೆಯ ಆರೂ ಬದಿಗಳನ್ನು ಸಣ್ಣ ಅರದಿಂದ ಸಮನಾಗಿ ಉಜ್ಜಿ, ಎದುರುಬದುರು ಅಳತೆಯನ್ನು 13 ಮಿ.ಮೀ.ಗೆ ಇಳಿಸಿ. 13.3ರಿಂದ 13ಕ್ಕೆ ಬರಲು ಪ್ರತಿ ಬದಿಯಲ್ಲಿ ಕೇವಲ 0.15 ಮಿ.ಮೀ. ಹೋಗಬೇಕಷ್ಟೆ. ಆಮೇಲೆ ಆರು ಮೂಲೆಯ 13ರ ಸಾಕೆಟ್ಟನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕೂರಿಸಿ, ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಬಳಿಕ ಬಿಚ್ಚುವ ಕಡೆಗೆ ತಿರುಗಿಸಿ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ:

ಅರ ಹಾಕುವ ಉಪಾಯ ಬಹಳ ಚೆನ್ನಾಗಿದೆ, ನಾನೂ ಬರೆದಿಟ್ಟುಕೊಂಡೆ. ಬೋಲ್ಟ್ ಹೊರಬಂದ ಮೇಲೆ ಎದುರಾಗುವ ಇನ್ನೊಂದು ಅಪಾಯವನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಸ್ಪ್ಯಾನರಿನ ತಪ್ಪು ಬೋಲ್ಟನ್ನು ಹಾಳುಮಾಡಿದರೆ ಇದು ಇಂಜಿನ್ನನ್ನೇ ಹಾಳುಮಾಡುತ್ತದೆ.

ನಿಮ್ಮ 8 ಮಿ.ಮೀ. ಬೋಲ್ಟಿನ ಥ್ರೆಡ್ ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ) 1.0 ಮಿ.ಮೀ. ಅಂಗಡಿಯಲ್ಲಿ 8ರ ಬೋಲ್ಟ್ ಕೇಳಿದರೆ ಕೊಡುವುದು 1.25 ಪಿಚ್ಚಿನದನ್ನು, ಅದು ಬೇಗನೆ ಸಿಕ್ಕಿಕೊಳ್ಳುವುದರಿಂದ ತಪ್ಪು ಕೂಡಲೇ ಗೊತ್ತಾಗುತ್ತದೆ. ಮೋಸ ಮಾಡುವುದು 5/16 ಯು.ಎನ್.ಎಫ್. (ಸಣ್ಣ ಯುನಿಫೈಡ್ ಥ್ರೆಡ್ಡಿನ) ಬೋಲ್ಟ್. ಅದರ ಕಾಂಡ 7.94 ಮಿ.ಮೀ., ಇಂಚಿಗೆ 24 ಸುತ್ತು, ಅಂದರೆ ಪಿಚ್ ಸುಮಾರು 1.06. ಆಂಬಾಸಡರಿನ ಬೋಲ್ಟನ್ನು ಟಿ.ಡಿ. ಇಂಜಿನ್ನಿಗೆ ಹಾಕಿದರೆ ಮೊದಲ ಕೆಲವು ಸುತ್ತು ಸಲೀಸಾಗಿ ಹೋಗಿ, ನಂತರ ಬಿಗಿಯಾಗತೊಡಗುತ್ತದೆ. ತುಕ್ಕಿರಬೇಕು ಎಂದುಕೊಂಡು ಜೋರು ಮಾಡಿದವರು ರಂಧ್ರದೊಳಗಿನ ಥ್ರೆಡ್ಡನ್ನೇ ಕಿತ್ತುಹಾಕುತ್ತಾರೆ. ಷಾಸಿಯ (ಕಾರಿನ ತಳದ ಚೌಕಟ್ಟಿನ) ಕಡೆ ಬಿ.ಎಸ್.ಎಫ್. ಬೋಲ್ಟುಗಳಿದ್ದು, ಅಲ್ಲಿನ 5/16ಕ್ಕೆ ಇಂಚಿಗೆ 22 ಸುತ್ತು. ತಲೆ ಮಾತ್ರ ಇಂಜಿನ್ ಬೋಲ್ಟಿನಂತೆಯೇ ಕಾಣುತ್ತದೆ. ಆದ್ದರಿಂದ ಷಾಸಿಯ ಬೋಲ್ಟ್ ಮತ್ತು ಇಂಜಿನ್ ಬೋಲ್ಟುಗಳನ್ನು ಒಂದೇ ಡಬ್ಬಿಗೆ ಹಾಕಬೇಡಿ.

ಎರಡು ಸಲಕರಣೆಗಳನ್ನು ಸ್ಪ್ಯಾನರಿಗಿಂತ ಮೊದಲೇ ಕೊಳ್ಳಿ: 55 (ವಿಟ್‌ವರ್ತ್, ಬಿ.ಎಸ್.ಎಫ್.) ಮತ್ತು 60 (ಮೆಟ್ರಿಕ್, ಯುನಿಫೈಡ್) ಡಿಗ್ರಿಯ ಎರಡೂ ಎಲೆಗಳಿರುವ, ಪಿಚ್ ನೋಡುವ ಒಂದು ಥ್ರೆಡ್ ಗೇಜ್, ರಂಧ್ರದೊಳಗೆ ಥ್ರೆಡ್ ಕತ್ತರಿಸುವ 8×1.0 ಅಳತೆಯ ಒಂದು ಟ್ಯಾಪ್. ಗೇಜನ್ನು ಎರಡು ಸುತ್ತಿನ ಮೇಲಿಟ್ಟು ತೀರ್ಮಾನಿಸಬಾರದು, 1.0 ಮತ್ತು 1.06ರ ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ ಹತ್ತು ಸುತ್ತಾದರೂ ಅಳೆಯಬೇಕು, ಆಗ ಅರ್ಧ ಮಿಲಿಮೀಟರಿಗೂ ಹೆಚ್ಚು ಅಂತರ ತೋರುತ್ತದೆ. ಟ್ಯಾಪ್ ಭಾರತದಲ್ಲೇ ಒಳ್ಳೆಯದು ದೊರೆಯುತ್ತದೆ. ಅಡಿಸನ್ ಅಥವಾ ಟೋಟೆಮ್ ಎಂದು ಎಸ್.ಪಿ. ರಸ್ತೆಯಲ್ಲಿ ಕೇಳಿ, ಪಿಚ್ಚನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ.

ಅಂಬಿ_ತುಮಕೂರು:

ನನ್ನ ಸಲಹೆಯನ್ನು ಹಿಂಪಡೆಯುತ್ತೇನೆ. ನಮ್ಮ ಊರಿನಲ್ಲೇ ಒಂದು ಎಂ.ಜಿ.ಗೆ ನಾನು ಆಂಬಾಸಡರಿನ ಬೋಲ್ಟುಗಳನ್ನು ಕೊಟ್ಟಿದ್ದೆ. ಅದು ಯಾವ ಮಾದರಿಯೆಂದು ಇವತ್ತೇ ವಿಚಾರಿಸಬೇಕು.

ಟಿಡಿ_ಮೈಸೂರು:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ವಿಳಂಬಕ್ಕೆ ಕ್ಷಮಿಸಿ. ಸವೆದ ಬೋಲ್ಟ್ ಅರ ಹಾಕಿದ ಮೇಲೆ ನಾಲ್ಕನೆಯ ದಿನ, ಹೆಚ್ಚಿನ ಬಲವಿಲ್ಲದೆ ಬಂದುಬಿಟ್ಟಿತು. ಪಂಪ್ ಹೊರತೆಗೆದು ರಂಧ್ರಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಒಂದಕ್ಕೆ ಹಿಂದೆ ಯಾರೋ ಯು.ಎನ್.ಎಫ್. ಬೋಲ್ಟನ್ನೇ ಜಡಿದಿರುವುದು ಗೇಜಿನಿಂದ ಗೊತ್ತಾಯಿತು. ಅದರ ತಲೆ 1/2 ಎ.ಎಫ್. ಆಗಿದ್ದುದರಿಂದ, ನಾನು ತರಿಸಿದ ಕಳಪೆ ಸೆಟ್ ಸರಿಯಾಗಿ ಕೂತದ್ದು ಆ ತಪ್ಪು ಬೋಲ್ಟಿಗೆ ಮಾತ್ರ! ಆ ರಂಧ್ರಕ್ಕೆ ಲೇತ್ ಕೆಲಸದವರಿಂದ 8×1.0ರ ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿ ಸುರುಳಿ) ಹಾಕಿಸಿದೆ, ಉಳಿದವುಗಳಿಗೆ ಎಣ್ಣೆ ಹಚ್ಚಿ ಕೈಯಿಂದಲೇ ಟ್ಯಾಪ್ ಓಡಿಸಿದೆ.

ಭಾನುವಾರದ ಸಂತೆಯಲ್ಲಿ 1/4 ಮತ್ತು 5/16ರ ಒಂದು ಜೋಡಿ ಸ್ಪ್ಯಾನರ್ ದೊರೆಯಿತು. 1/4ರ ಬಾಯಿ 13.5, 5/16ರ ಬಾಯಿ 15.4 ಇದೆ. ಇನ್ನೊಂದು ಹೊಳೆಯುವ ಸ್ಪ್ಯಾನರಿನ ದವಡೆಯ ತುದಿಯಲ್ಲಿ 13.9, ಬುಡದಲ್ಲಿ 13.5 ಬಂದದ್ದರಿಂದ ಅಲ್ಲೇ ಬಿಟ್ಟುಬಂದೆ. 3/16 ಎಲ್ಲಿಯೂ ಸಿಗದೆ, ಅದನ್ನೂ 1/4ರ ಒಂದು ಆರು ಮೂಲೆಯ ಸಾಕೆಟ್ಟನ್ನೂ ವಿದೇಶದಿಂದಲೇ ತರಿಸಿದೆ. ಪೂರ್ತಿ ಸೆಟ್ಟಿಗೆ ಕೊಡಬೇಕಿದ್ದ ಹಣದ ಕಾಲುಭಾಗವೂ ಆಗಲಿಲ್ಲ. ಪಂಪ್ ಕೂತಿದೆ, ನೀರು ಸೋರುವುದು ನಿಂತಿದೆ. ಈ ಸ್ಪ್ಯಾನರುಗಳನ್ನು ಮನೆಯಲ್ಲಿ ಯಾರೂ ಸ್ಕೂಟರಿಗೆ ಒಯ್ಯದಿರಲೆಂದು ಹಿಡಿಗೆ ಕೆಂಪು ಬಣ್ಣ ಬಳಿದು, ಪಕ್ಕದಲ್ಲಿ ಮಿಲಿಮೀಟರಿನ ಅಳತೆಯನ್ನೂ ಬರೆದಿಟ್ಟಿದ್ದೇನೆ.