ಬರವಣಿಗೆ ಕೋರ್ಸ್: ಯಾವ ವಿದ್ಯಾರ್ಥಿ ಯಾವ ತರಗತಿಗೆ?

ಸಂಯೋಜಕಿ: ಪ್ರಸ್ತಾವ ಇಷ್ಟು. ಮೊದಲ ವರ್ಷದ ಎಲ್ಲರಿಗೂ ಒಂದು ಬರವಣಿಗೆ ಕೋರ್ಸ್ ಕಡ್ಡಾಯವಾಗಿರಲಿ. ಪ್ರವೇಶದ ವೇಳೆ ನಡೆಸುವ ಒಂದು ಗಂಟೆಯ ಪ್ರಬಂಧ ಪರೀಕ್ಷೆಯನ್ನೂ, ಅದರಲ್ಲಿ ಕಡಿಮೆ ಅಂಕ ಬಂದವರು ಮೊದಲು ಮುಗಿಸಬೇಕಾದ, ಪದವಿಯ ಲೆಕ್ಕಕ್ಕೆ ಸೇರದ ಪೂರ್ವಸಿದ್ಧತಾ ಕೋರ್ಸನ್ನೂ ಕೈಬಿಡೋಣ.

ಹಿರಿಯ ಅಧ್ಯಾಪಕರು: ನನ್ನ ವಿರೋಧವಿದೆ. ಹಾರ್ವರ್ಡ್ 1874ರಲ್ಲಿ ಪ್ರವೇಶಕ್ಕೆ ಲಿಖಿತ ಇಂಗ್ಲಿಷ್ ಪರೀಕ್ಷೆಯನ್ನು ತಂದು, 1885ರಲ್ಲಿ ಮೊದಲ ವರ್ಷದವರಿಗೆ ಬರವಣಿಗೆ ಕೋರ್ಸನ್ನು ಕಡ್ಡಾಯ ಮಾಡಿದ ಕಾಲದಿಂದಲೂ, ಶಾಲೆ ಕೊಟ್ಟ ಅಂಕಕ್ಕೂ ವಿದ್ಯಾರ್ಥಿ ಬರೆಯಬಲ್ಲದ್ದಕ್ಕೂ ಅಂತರವಿದೆ ಎಂಬುದು ನಮ್ಮ ವೃತ್ತಿಗೆ ಗೊತ್ತಿರುವ ಸಂಗತಿ. ಪರೀಕ್ಷೆ ಅಪೂರ್ಣವೇ ಇರಬಹುದು. ಆದರೆ ಅಲ್ಲಿ ನಾವು ಓದುವುದು ವಿದ್ಯಾರ್ಥಿಯ ಸ್ವಂತ ವಾಕ್ಯಗಳನ್ನು. ಸಿದ್ಧತೆಯಿಲ್ಲದವರನ್ನು ನೇರವಾಗಿ ಮುಖ್ಯ ತರಗತಿಗೆ ತಂದು ಅನುತ್ತೀರ್ಣಗೊಳಿಸುವುದು ಕರುಣೆಯಲ್ಲ.

ಸಂಖ್ಯಾಶಾಸ್ತ್ರದ ಅಧ್ಯಾಪಕರು: ಅನುತ್ತೀರ್ಣರ ಲೆಕ್ಕವನ್ನು ಮುಖ್ಯ ತರಗತಿಯೊಳಗೆ ಮಾತ್ರ ಹಾಕಿದರೆ, ಅಲ್ಲಿಗೆ ತಲುಪದೇ ಹೋದವರು ಕಣ್ಣಿಗೆ ಬೀಳುವುದಿಲ್ಲ. ಉದಾಹರಣೆಗೆ, ಎರಡು ಪೂರ್ವಸಿದ್ಧತಾ ಹಂತಗಳು ಮತ್ತು ಒಂದು ಮುಖ್ಯ ಕೋರ್ಸ್ ಇದ್ದು, ಪ್ರತಿ ಹಂತವನ್ನೂ ನೂರಕ್ಕೆ 70 ಮಂದಿ ದಾಟುತ್ತಾರೆ ಎಂದುಕೊಂಡರೂ ಕೊನೆಗೆ ಉಳಿಯುವವರು ಸುಮಾರು 34 ಮಂದಿ. ಉತ್ತೀರ್ಣರಾಗಿಯೂ ಮುಂದಿನ ಹಂತಕ್ಕೆ ಹೆಸರು ನೋಂದಾಯಿಸದವರನ್ನು ಇದರಲ್ಲಿ ಕಳೆದೇ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2017ರ ಆದೇಶದಲ್ಲಿ, ಯಾರು ಯಾವ ಹಂತದ ತರಗತಿಗೆ ಎಂದು ನಿರ್ಧರಿಸುವ ತನ್ನ ಇಂಗ್ಲಿಷ್ ಪರೀಕ್ಷೆಯನ್ನು ನಿಲ್ಲಿಸಿತು. ಅದೇ ವರ್ಷ ಆ ರಾಜ್ಯದ ಸಮುದಾಯ ಕಾಲೇಜುಗಳಿಗೂ, ಅಂದರೆ ಎರಡು ವರ್ಷದ ಕೋರ್ಸಿನ ಸರ್ಕಾರಿ ಕಾಲೇಜುಗಳಿಗೂ, ಪ್ರೌಢಶಾಲೆಯ ಸಾಧನೆಯನ್ನು ಮುಖ್ಯ ಆಧಾರವಾಗಿ ಬಳಸಬೇಕೆಂಬ ಕಾನೂನು ಬಂತು. ಹಲವು ವರ್ಷಗಳ ಕೆಲಸದ ದಾಖಲೆ ಒಂದು ಗಂಟೆಯ ಬರಹಕ್ಕಿಂತ ಹೆಚ್ಚು ಹೇಳುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಬೋಧಕಿ: ನಾನು ಮೌಲ್ಯಮಾಪನ ಮಾಡಿದ ಒಂದು ಉತ್ತರ ಪತ್ರಿಕೆಯ ಬಗ್ಗೆ ಹೇಳಬೇಕು. ಮೊದಲ ಪುಟವಿಡೀ ಸವಕಲು ಮಾತು, ಅರ್ಧಕ್ಕೆ ನಿಂತ ವಾಕ್ಯಗಳು. ಮೂರನೆಯ ಪ್ಯಾರಾದಲ್ಲಿ ಆ ವಿದ್ಯಾರ್ಥಿನಿ ತನ್ನ ನಿಲುವನ್ನೇ ಪ್ರಶ್ನಿಸಿಕೊಂಡು, ಹಿಂದೆ ಬರೆದ ಒಂದು ಸಾಲನ್ನು ಹೊಡೆದುಹಾಕಿ, ಕೊನೆಯ ಎರಡು ಸಾಲುಗಳಲ್ಲಿ ನಿಜವಾದ ವಾದಕ್ಕೆ ಬಂದಿದ್ದಳು. ಅಷ್ಟರಲ್ಲಿ ಸಮಯ ಮುಗಿದಿತ್ತು. ಬರೆಯುತ್ತ ಬರೆಯುತ್ತ ಯೋಚಿಸುವವರು ಮಾಡುವುದೇ ಇದನ್ನು. ತಿದ್ದಿ ಬರೆಯುವುದನ್ನು ಕಲಿಸುವ ಕೋರ್ಸಿಗೆ, ತಿದ್ದಲು ಅವಕಾಶವೇ ಇಲ್ಲದ ಪರೀಕ್ಷೆಯಿಂದ ಆಯ್ಕೆ ಮಾಡುತ್ತಿದ್ದೇವೆ. ಆ ಪರೀಕ್ಷೆಯ ಅಂಕ ಆಕೆಯನ್ನು ಪೂರ್ವಸಿದ್ಧತಾ ಕೋರ್ಸಿಗೆ ಕಳುಹಿಸಿತು.

ಹಿರಿಯ ಅಧ್ಯಾಪಕರು: ಆ ಪತ್ರಿಕೆಯ ಬಗ್ಗೆ ನಿಮ್ಮ ಓದನ್ನು ಒಪ್ಪುತ್ತೇನೆ. ಆದರೆ ನೆರವು ಬೇಕಾದವರಿಗೆ ಅದು ಎಲ್ಲಿಂದ ಬರಬೇಕು? ಪ್ರಸ್ತಾವದಲ್ಲಿ ಇದಕ್ಕೆ ಉತ್ತರವಿಲ್ಲ.

ಸಂಯೋಜಕಿ: ಅಮೆರಿಕದ ಬಾಲ್ಟಿಮೋರ್ ಕೌಂಟಿಯ ಸಮುದಾಯ ಕಾಲೇಜು 2007ರಲ್ಲಿ ಆರಂಭಿಸಿದ ವಿಧಾನವನ್ನು ಸೇರಿಸಬಹುದು. ಅಲ್ಲಿ ಕೆಳ ಹಂತಕ್ಕೆ ನಿಗದಿಯಾದ ಎಂಟು ವಿದ್ಯಾರ್ಥಿಗಳು ಉಳಿದವರ ಜೊತೆ ಮುಖ್ಯ ತರಗತಿಯಲ್ಲೇ ಕೂರುತ್ತಿದ್ದರು. ಅದು ಮುಗಿದೊಡನೆ ಅದೇ ಅಧ್ಯಾಪಕರು ಆ ಎಂಟೇ ಮಂದಿಗೆ ಇನ್ನೊಂದು ತರಗತಿ ನಡೆಸುತ್ತಿದ್ದರು. ನೆರವು ಕೋರ್ಸಿನ ಜೊತೆಜೊತೆಗೇ ಸಿಗುತ್ತಿತ್ತು.

ವಿದ್ಯಾರ್ಥಿ ಸಲಹೆಗಾರರು: ಆ ಹೆಚ್ಚುವರಿ ತರಗತಿಗೆ ಯಾರು ಎಂಬುದನ್ನು ವಿದ್ಯಾರ್ಥಿಗಳೇ ನಿರ್ಧರಿಸಲಿ. ಮಿಷಿಗನ್ನಿನ ಗ್ರ್ಯಾಂಡ್ ವ್ಯಾಲಿ ಸ್ಟೇಟ್ ವಿಶ್ವವಿದ್ಯಾಲಯ 1990ರ ದಶಕದಲ್ಲೇ ಇಂಥ ಮಾರ್ಗದರ್ಶಿತ ಸ್ವಯಂ ಆಯ್ಕೆಯನ್ನು ಜಾರಿಗೆ ತಂದಿತ್ತು. ಆದರೆ ಒಂದು ಆತಂಕವಿದೆ: ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ತಮ್ಮನ್ನು ಕಡಿಮೆ ಎಣಿಸಿಕೊಳ್ಳಬಹುದು. ಆದ್ದರಿಂದ ಆಯ್ಕೆಗೆ ಮೊದಲೇ ಕೋರ್ಸಿನ ನಿಜವಾದ ಒಂದು ಅಭ್ಯಾಸವನ್ನೂ, ಅದಕ್ಕೆ ಉತ್ತಮವೆನಿಸಿದ ಮತ್ತು ಸಾಧಾರಣವೆನಿಸಿದ ಎರಡು ಬರಹಗಳನ್ನೂ ಅವರ ಕೈಗೆ ಕೊಡಬೇಕು. ‘ನಿಮಗೆ ಬರವಣಿಗೆಯಲ್ಲಿ ವಿಶ್ವಾಸವಿದೆಯೇ’ ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ.

ಹಿರಿಯ ಅಧ್ಯಾಪಕರು: ಹಾಗಾದರೆ ನನ್ನ ಎರಡು ಷರತ್ತುಗಳಿವೆ. ಮೊದಲ ವಾರದಲ್ಲೇ ತರಗತಿಯಲ್ಲಿ ಒಂದು ಬರಹ ಬರೆಸಿ, ಅಂಕ ಹಾಕದೆ ಓದಿ, ಹೆಚ್ಚುವರಿ ತರಗತಿಗೆ ಸೇರಲು ಅಥವಾ ಅದನ್ನು ಬಿಡಲು ಅವಕಾಶವಿರಬೇಕು. ಎರಡನೆಯದು, ಒಂದು ತರಗತಿಯಲ್ಲಿ 20 ವಿದ್ಯಾರ್ಥಿಗಳನ್ನು ಮೀರಬಾರದು. ಅಮೆರಿಕದ ಕಾಲೇಜು ಬರವಣಿಗೆ ಅಧ್ಯಾಪಕರ ಸಂಘಟನೆಯ ಮಿತಿಯೂ ಅಷ್ಟೇ.

ಸಂಯೋಜಕಿ: ಮೊದಲನೆಯದನ್ನು ಈಗಲೇ ಸೇರಿಸುತ್ತೇನೆ. ಎರಡನೆಯದಕ್ಕೆ ಹೊಸ ಬೋಧಕರು ಬೇಕು. ಆ ಹಣ ಮಂಜೂರಾಗುವ ತನಕ ಪ್ರಸ್ತಾವವನ್ನು ಮತಕ್ಕೆ ಹಾಕುವುದಿಲ್ಲ.